ಮಗಳನ್ನು ಯುಕೆಗೆ ಕರೆಸಿಕೊಳ್ಳಲು ಎಷ್ಟು ದುಡ್ಡು ತೋರಿಸಬೇಕು?

ಪ್ರಶ್ನೆ (ಪುತ್ತೂರಿನವಳು, ಈಗ ಲೀಡ್ಸ್):
ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದು ಎರಡು ವರ್ಷ ಆಗುತ್ತಾ ಬಂತು. ಯಜಮಾನರೂ ಇಲ್ಲೇ ಇದ್ದಾರೆ. ಆರು ವರ್ಷದ ಮಗಳು ಮಾತ್ರ ಊರಿನಲ್ಲಿ ಅತ್ತೆಯ ಹತ್ತಿರ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿದೆ, ಶಾಲೆ ವ್ಯಾನಿನ ತನಕ ನಡೆಯುವುದೂ ಕಷ್ಟ. ಏಜೆಂಟ್ ಒಬ್ಬರು 29,000 ಪೌಂಡ್ ವರಮಾನ ಬೇಕು, ಅತ್ತೆಯ ಖಾತೆಯಲ್ಲಿ 15 ಲಕ್ಷ ಇಡಿ ಎನ್ನುತ್ತಾರೆ. ಇನ್ನೊಬ್ಬರು ಕೇರ್ ವೀಸಾದವರು ಮಕ್ಕಳನ್ನು ಕರೆಸುವ ಹಾಗೇ ಇಲ್ಲ ಅಂದರು. ರಾತ್ರಿ ನಿದ್ದೆ ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಉತ್ತರ (ಹಾಸನದವನು, ಮಿಲ್ಟನ್ ಕೀನ್ಸ್):
ಅಕ್ಕಾ, ಹೆದರಬೇಡಿ. ಮಕ್ಕಳನ್ನು ಕರೆಸಬಾರದು ಅನ್ನೋದು 2024ರ ಮಾರ್ಚ್ 11ರಿಂದ ಕೇರ್ ವರ್ಕರ್ (ವಯಸ್ಸಾದವರನ್ನು, ಅಶಕ್ತರನ್ನು ನೋಡಿಕೊಳ್ಳುವವರು), ಸೀನಿಯರ್ ಕೇರ್ ವರ್ಕರ್‌ಗಳಿಗೆ ಬಂದ ನಿಯಮ. ನರ್ಸ್‌ಗಳಿಗಲ್ಲ. 29,000 ಕೂಡ ನಿಮ್ಮದಲ್ಲ. ಅದು ಬ್ರಿಟಿಷ್ ಪ್ರಜೆಯನ್ನೋ ಇಲ್ಲಿ ಕಾಯಂ ಆಗಿರುವವರನ್ನೋ ಮದುವೆಯಾಗಿ ಬರುವವರ ವೀಸಾದ ಲೆಕ್ಕ.

ನಿಮ್ಮ ಮಗಳಿಗೆ ತೋರಿಸಬೇಕಾದ್ದು 315 ಪೌಂಡ್, ಅಷ್ಟೇ. ಇನ್ನೊಂದು ಮಗು ಇದ್ದರೆ ಅದಕ್ಕೆ 200. ಆದರೆ ಆ ದುಡ್ಡು ಸತತ 28 ದಿನ ಖಾತೆಯಲ್ಲಿರಬೇಕು. ಒಂದೇ ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಆ 28ನೇ ದಿನ ಅರ್ಜಿ ಹಾಕುವ ತಾರೀಖಿನ ಹಿಂದಿನ 31 ದಿನಗಳ ಒಳಗೆ ಬರಬೇಕು. ಖಾತೆ ನಿಮ್ಮದೋ ಯಜಮಾನರದೋ ಆಗಬೇಕು, ಅತ್ತೆಯದು ನಡೆಯಲ್ಲ. ಷೇರು, ಓವರ್‌ಡ್ರಾಫ್ಟ್ ಲೆಕ್ಕಕ್ಕೆ ಬರಲ್ಲ. ಬಾಡಿಗೆ, ಇಎಂಐ ಹೋಗುವ ಖಾತೆ ಬಿಟ್ಟು ಬೇರೆಯದರಲ್ಲಿ ಸ್ವಲ್ಪ ಜಾಸ್ತಿಯೇ ಹಾಕಿ ಮುಟ್ಟದೆ ಇಡಿ.

ಉತ್ತರ (ಶಿವಮೊಗ್ಗ, ಲೆಸ್ಟರ್):
ಇನ್ನೊಂದು ಮಾತು. ನಿಮ್ಮ ಆಸ್ಪತ್ರೆ ಎ-ರೇಟೆಡ್ ಸ್ಪಾನ್ಸರ್ (ವಿದೇಶದವರನ್ನು ಕೆಲಸಕ್ಕೆ ಕರೆಸಲು ಸರ್ಕಾರದಿಂದ ಎ ದರ್ಜೆಯ ಪರವಾನಗಿ ಪಡೆದ ಸಂಸ್ಥೆ) ಆಗಿದ್ದರೆ, ಮಗಳ ಮೊದಲ ತಿಂಗಳ ಖರ್ಚು ನಮ್ಮದು ಅಂತ ಅವರೇ ಬರೆದುಕೊಡಬಹುದು. ಆಗ ಬ್ಯಾಂಕ್ ಸ್ಟೇಟ್‌ಮೆಂಟೇ ಬೇಡ. ಎಚ್‌ಆರ್‌ನವರನ್ನು ಸುಮ್ನೆ ಕೇಳಿ ನೋಡಿ. ನಾವು ಸಾಫ್ಟ್‌ವೇರ್‌ನವರು ಮಗುವಿಗೆ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಸರ್‌ಚಾರ್ಜನ್ನು (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ) ವೀಸಾದ ಪೂರ್ತಿ ಅವಧಿಗೆ ಮೊದಲೇ ಕಟ್ಟಬೇಕು. ನಿಮ್ಮ ವೀಸಾದವರ ಮಕ್ಕಳಿಗೆ ಅದು ಮಾಫಿ. ನಿಜವಾದ ಉಳಿತಾಯ ಅಲ್ಲೇ ಇರೋದು.

ಪ್ರಶ್ನೆ ಕೇಳಿದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಶಯ. ನಾವಿಬ್ಬರೂ ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿದ್ದೇವಲ್ಲ, ಆಗ ದುಡ್ಡು ತೋರಿಸುವುದೇ ಬೇಡ ಅಂತ ಓದಿದ ನೆನಪು. ಮತ್ತೆ ಮಗಳ ಜನನ ಪ್ರಮಾಣಪತ್ರ ಬರೀ ಕನ್ನಡದಲ್ಲಿದೆ.

ಹಾಸನದವನು:
ಆ 12 ತಿಂಗಳು ಅರ್ಜಿ ಹಾಕುವವರೇ ಯುಕೆಯಲ್ಲಿ ಇದ್ದಿರಬೇಕಾದ್ದು. ಮಗಳು ಪುತ್ತೂರಿನಿಂದ ಹಾಕುತ್ತಾಳಲ್ವಾ, ಹಾಗಾಗಿ 315 ತೋರಿಸಲೇಬೇಕು. ಪ್ರಮಾಣಪತ್ರಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿ, ಮೂಲ ಪ್ರತಿಯೂ ಜೊತೆಗಿರಲಿ. ಟಿಬಿ (ಕ್ಷಯ) ತಪಾಸಣೆಗೆ ಯುಕೆ ಸರ್ಕಾರ ಒಪ್ಪಿದ ಕ್ಲಿನಿಕ್ಕಿಗೇ ಕರೆದುಕೊಂಡು ಹೋಗಬೇಕು. ಅತ್ತೆಗೆ ಮಂಡಿನೋವು ಅಂದಿರಿ, ಊರಲ್ಲಿ ಯಾರಾದರೂ ಜೊತೆಗೆ ಹೋಗುವ ವ್ಯವಸ್ಥೆ ಈಗಲೇ ಮಾಡಿಕೊಳ್ಳಿ.