ಹಳೇ ಸ್ಪೋರ್ಟ್ಸ್ ಕಾರಿನ ಹಿಂದಿನ ಸ್ಪಾಯ್ಲರ್: ಕೆಲಸಕ್ಕೋ, ಶೋಕಿಗೋ?

ಮಂಜುನಾಥ, ದಾವಣಗೆರೆ:
ನೇರವಾಗಿ ಹೇಳಿಬಿಡುತ್ತೇನೆ. ಎಪ್ಪತ್ತು, ಎಂಬತ್ತರ ದಶಕದ ಸ್ಪೋರ್ಟ್ಸ್ ಕಾರುಗಳ ಹಿಂದೆ ಕಾಣುವ, ಗಾಳಿಯ ಹರಿವು ತಿರುಗಿಸಲೆಂದು ಕೂರಿಸುವ ಪಟ್ಟಿ, ರೆಕ್ಕೆ, ಅಂದರೆ ಸ್ಪಾಯ್ಲರ್‌ಗಳಲ್ಲಿ ಹೆಚ್ಚಿನವು ಬರೀ ಶೋಕಿಗೆ. ಲ್ಯಾಂಬೋರ್ಗಿನಿ ಕೌಂಟಾಶ್ ನೋಡಿ. ಆ ದೊಡ್ಡ ರೆಕ್ಕೆ ಹಾಕಿಸಿದರೆ ಟಾಪ್ ಸ್ಪೀಡ್ ಗಂಟೆಗೆ ಸುಮಾರು 16 ಕಿ.ಮೀ. ಇಳಿಯುತ್ತಿತ್ತು. ಮೇಲೆ ದುಡ್ಡು ಕೊಟ್ಟು ಗಾಡಿ ನಿಧಾನ ಮಾಡಿಸಿಕೊಂಡ ಹಾಗಾಯಿತು, ಅಲ್ವಾ? ಆದರೂ ಜನ ಕೇಳಿ ಕೇಳಿ ಹಾಕಿಸಿಕೊಂಡರು. ಪೋರ್ಷೆ 911ರ ಬಾತುಕೋಳಿ ಬಾಲ ಅನ್ನುವ ಸ್ಪಾಯ್ಲರೂ ಇದೇ ಜಾತಿ ಅನ್ನುವುದು ನನ್ನ ಅಭಿಪ್ರಾಯ.

ಶಶಿಧರ, ಸ್ಟುಟ್‌ಗಾರ್ಟ್:
ಮಂಜಣ್ಣ, ಕೌಂಟಾಶ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಬಾತುಕೋಳಿ ಬಾಲದ 911 ಕರೆರಾ ಆರ್‌ಎಸ್ 2.7 ಕಾರನ್ನು ಅದರ ಜೊತೆ ಕಟ್ಟಬೇಡಿ. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಶೋಗೆ ಬಂದ ಕಾರು ಅದು. ರೇಸಿಗೆ ಇಳಿಸಲು ಅನುಮತಿ ಬೇಕೆಂದರೆ 500 ಕಾರು ತಯಾರಿಸಬೇಕಿತ್ತು. ಕೊನೆಗೆ 1,580 ತಯಾರಾದವು. ಅಂದರೆ ಕಾರು ಹುಟ್ಟಿದ್ದೇ ರೇಸಿಗಾಗಿ. ಟಿಲ್‌ಮನ್ ಬ್ರೋಡ್‌ಬೆಕ್, ಹರ್ಮನ್ ಬರ್ಸ್ಟ್ ಮುಂತಾದ ಎಂಜಿನಿಯರುಗಳು, ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ವಿಂಡ್ ಟನಲ್‌ನಲ್ಲಿ ಕೂತು ಆ ಬಾಲದ ಆಕಾರ ಕಂಡುಕೊಂಡರು. ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ಎಂಜಿನ್ ಮುಚ್ಚಳದ ಮೇಲೆ ಗಾಳಿ ಹೋಗುವ ಜಾಲರಿ ಇದೆ. ಅದನ್ನು ದಾಟಿದ ತಕ್ಷಣ ಮುಚ್ಚಳವೇ ಬಾಗಿ ಮೇಲಕ್ಕೆದ್ದು, ಒಂದು ಅಂಚಿನಲ್ಲಿ ಥಟ್ಟನೆ ಮುಗಿಯುತ್ತದೆ. ಬೇರೆ ತುಂಡು ತಂದು ಅಂಟಿಸಿದ್ದಲ್ಲ. ಆ ಬಾಲದಿಂದ ಟಾಪ್ ಸ್ಪೀಡ್ ಗಂಟೆಗೆ 4.5 ಕಿ.ಮೀ. ಹೆಚ್ಚಾಯಿತು ಅಂತ ಪೋರ್ಷೆ ಕಂಪನಿಯೇ ಹೇಳುತ್ತದೆ. ಹೆಚ್ಚಾಯಿತು, ಕಡಿಮೆಯಾಗಲಿಲ್ಲ.

ಮಂಜುನಾಥ, ದಾವಣಗೆರೆ:
ಶಶಿ, ಗಂಟೆಗೆ 240 ದಾಟುವ ಕಾರಿಗೆ ನಾಲ್ಕೂವರೆ ಕಿ.ಮೀ. ಯಾವ ಲೆಕ್ಕ? ಆ ಕಾರಿನಲ್ಲಿ 210 ಅಶ್ವಶಕ್ತಿ ಇತ್ತು. ಸೀಟು, ಕಾರ್ಪೆಟ್, ಗಾಜು ಎಲ್ಲ ಹಗುರ ಮಾಡಿ ತೂಕವನ್ನು ಸಾವಿರ ಕೆ.ಜಿ.ಗಿಂತ ಕೆಳಗೆ ತಂದಿದ್ದರು. ಹಿಂದಿನ ಟೈರೂ ಮುಂದಿನದಕ್ಕಿಂತ ಅಗಲ. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಹೆಸರು ಮಾತ್ರ ಬಾಲಕ್ಕೆ ಯಾಕೆ?

ಅನುರಾಧಾ, ಬೆಂಗಳೂರು:
ಮಂಜುನಾಥ್ ಸರ್, ಒಳ್ಳೆ ಪ್ರಶ್ನೆ. ಒಂದೊಂದಾಗಿ ಬಿಡಿಸಿ ನೋಡೋಣ. ತೂಕ ಇಳಿಸಿದರೆ ಪಿಕಪ್ ಚೆನ್ನಾಗಿ ಬರುತ್ತದೆ, ಬ್ರೇಕ್ ಬೇಗ ಹಿಡಿಯುತ್ತದೆ. ಸಮತಟ್ಟು ರಸ್ತೆಯ ಟಾಪ್ ಸ್ಪೀಡ್ ಮೇಲೆ ತೂಕದ ಪ್ರಭಾವ ಬಹಳ ಕಡಿಮೆ. ಅಲ್ಲಿ ಎಂಜಿನ್ ಗುದ್ದಾಡುವುದು ಗಾಳಿಯ ಜೊತೆ. ಅಗಲ ಟೈರಂತೂ ಗಾಳಿಗೆ ಇನ್ನಷ್ಟು ಅಡ್ಡ. ಹಾಗಾಗಿ ಆ ನಾಲ್ಕೂವರೆ ಕಿ.ಮೀ. ತೂಕದಿಂದಲೋ ಟೈರಿನಿಂದಲೋ ಬರುವಂಥದ್ದಲ್ಲ.

ಆದರೆ ನನ್ನ ಪ್ರಕಾರ ನೀವಿಬ್ಬರೂ ಟಾಪ್ ಸ್ಪೀಡ್ ಹಿಡಿದುಕೊಂಡು ಮುಖ್ಯ ವಿಷಯ ಬಿಟ್ಟಿದ್ದೀರಿ. 911ರ ಬೆನ್ನು ಇಳಿಜಾರು. ಛಾವಣಿಯ ಮೇಲಿನ ಗಾಳಿ ಆ ಇಳಿಜಾರಿಗೆ ಅಂಟಿಕೊಂಡು, ವೇಗವಾಗಿ ಕೆಳಗೆ ಹರಿಯುತ್ತದೆ. ಗಾಳಿ ವೇಗವಾದ ಕಡೆ ಒತ್ತಡ ಕಡಿಮೆ. ಆಗ ಕಾರಿನ ಹಿಂಭಾಗ ಮೇಲಕ್ಕೆ ಎಳೆಯಲ್ಪಡುತ್ತದೆ, ವಿಮಾನದ ರೆಕ್ಕೆಯ ಹಾಗೆ. ಈ ಕಾರಿನ ಎಂಜಿನ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಜೋರು ತಿರುವಿನಲ್ಲಿ ಹಿಂದಿನ ಟೈರು ಹಗುರವಾಗಿ, ಡ್ರೈವರ್ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ, ಆ ಭಾರವೆಲ್ಲ ಹೊರಗೆ ಬೀಸಿ ಗಾಡಿ ಸುತ್ತಿಬಿಡುತ್ತದೆ. ಹಳೇ 911ಗೆ ಕೆಟ್ಟ ಹೆಸರು ಬಂದದ್ದೇ ಇದರಿಂದ.

ಬಾಲ ಮಾಡುವ ಕೆಲಸ ಇಷ್ಟು. ಕೆಳಗೆ ಜಾರುವ ಗಾಳಿಯನ್ನು ತಡೆದು ಮೇಲಕ್ಕೆ ತಿರುಗಿಸುತ್ತದೆ. ಅದರ ಮುಂದೆ, ಮುಚ್ಚಳದ ಮೇಲೆ, ಒತ್ತಡ ಏರುತ್ತದೆ. ಹಿಂಭಾಗವನ್ನು ಎತ್ತುವ ಬಲ ತಗ್ಗುತ್ತದೆ. ಗಾಳಿ ಆ ಅಂಚಿನಲ್ಲಿ ಒಂದೇ ಸಲಕ್ಕೆ ಕಡಿದುಕೊಂಡು ಹೋಗುವುದರಿಂದ ಹಿಂದೆ ಸುಳಿಯೂ ಚಿಕ್ಕದಾಗುತ್ತದೆ. ಎಂಜಿನ್‌ಗೆ ತಂಪು ಗಾಳಿ ಜಾಸ್ತಿ ಸಿಗುವುದು ಇನ್ನೊಂದು ಲಾಭ. ಕೌಂಟಾಶ್‌ನದು ಬೇರೆ ಕಥೆ. ಅದು ಎರಡು ಕಂಬದ ಮೇಲೆ ಗಾಳಿಗೆ ಚಾಚಿದ ರೆಕ್ಕೆ. ಒತ್ತುವುದೇನೋ ಒತ್ತುತ್ತದೆ, ಬದಲಿಗೆ ವೇಗ ತಿನ್ನುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ರಫೀಕ್, ಹುಬ್ಬಳ್ಳಿ:
ಮೇಡಂ, ನಾನು ಗ್ಯಾರೇಜ್ ಇಟ್ಟವನು. ನನ್ನ ಹತ್ತಿರ ಬರುವ ಹುಡುಗರು ಈ ಹಳೇ ಕಾರುಗಳ ಫೋಟೊ ತೋರಿಸಿ, 'ಅಣ್ಣ, ನಮ್ಮ ಗಾಡಿಗೂ ಇಂಥದ್ದೇ ಹಾಕಿಕೊಡಿ' ಅನ್ನುತ್ತಾರೆ. ಡಿಕ್ಕಿಗೆ ಡ್ರಿಲ್ ಹೊಡೆದು ಕೂರಿಸುವ ಬಾಬತ್ತು. ತೂತಿನ ಸುತ್ತ ಸೀಲಂಟ್ ಸರಿಯಾಗಿ ಹಾಕದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಅವರು ಓಡಿಸುವುದು 80ರಲ್ಲಿ, 100ರಲ್ಲಿ. ಆ ಸ್ಪೀಡಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ?

ಅನುರಾಧಾ, ಬೆಂಗಳೂರು:
ರಫೀಕ್ ಭಾಯ್, ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಅಂದರೆ 240ರಲ್ಲಿ ಬಾಲ ಮಾಡುವ ಕೆಲಸದ ಒಂಬತ್ತನೇ ಒಂದು ಭಾಗ ಮಾತ್ರ 80ರಲ್ಲಿ. ಸ್ಟೇರಿಂಗ್ ಹಿಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಆ ಹುಡುಗರಿಗೆ ಒಳ್ಳೆ ಟೈರ್ ಹಾಕಿಸಲು ಹೇಳಿ.

ಇನ್ನೊಂದು ಮಾತು. ಹಿಂದೆ ಮಾತ್ರ ದೊಡ್ಡ ರೆಕ್ಕೆ ಹಾಕಿದರೆ ಮುಂಭಾಗ ಹಗುರವಾಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಪೋರ್ಷೆಯವರು ಬಂಪರ್ ಕೆಳಗಿನ ಮುಂದಿನ ಸ್ಪಾಯ್ಲರನ್ನು 911 ಎಸ್‌ಗೆ ಮೊದಲೇ ಹಾಕಿದ್ದರು. ಬಾಲ ಬಂದದ್ದು ಅದರ ಮೇಲೆ. ಎರಡೂ ಸೇರಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಶಶಿಧರ, ಸ್ಟುಟ್‌ಗಾರ್ಟ್:
ಹಿಂದಿನ ಸ್ಪಾಯ್ಲರ್ ಪೋರ್ಷೆ ಕಂಡುಹಿಡಿದದ್ದೂ ಅಲ್ಲ ಅನ್ನುವುದನ್ನು ಸೇರಿಸುತ್ತೇನೆ. 1961ರಲ್ಲೇ ಫೆರಾರಿ 246 ಎಸ್‌ಪಿ ರೇಸ್ ಕಾರಿನ ಹಿಂದೆ ಸಣ್ಣ ಸ್ಪಾಯ್ಲರ್ ಬಂತು. ಅದರ ಹಿಂದಿದ್ದವರು ಡ್ರೈವರ್ ರಿಚಿ ಗಿಂಥರ್. ಮರುವರ್ಷ ಫೆರಾರಿಯದೇ 250 ಜಿಟಿಒ ಪತ್ರಕರ್ತರ ಮುಂದೆ ಬಂದಾಗ ಹಿಂದೆ ಏನೂ ಇರಲಿಲ್ಲ. ರೇಸಿಗೆ ಹೋಗುವ ಹೊತ್ತಿಗೆ ಅಂಚಿಗೆ ಪಟ್ಟಿ ಸೇರಿತ್ತು. ಆಮೇಲಿನ ಕಾರುಗಳಲ್ಲಿ ಅದು ಬಾಡಿಯದೇ ಭಾಗವಾಯಿತು. ಬರೀ ಚೆಂದಕ್ಕಾಗಿದ್ದರೆ ಅಷ್ಟು ಸುಂದರ ಕಾರಿಗೆ ಆಮೇಲೆ ತಂದು ಯಾರು ಪಟ್ಟಿ ಜೋಡಿಸುತ್ತಾರೆ ಹೇಳಿ? ಬಿಎಂಡಬ್ಲ್ಯೂ 3.0 ಸಿಎಸ್‌ಎಲ್‌ನ ದೊಡ್ಡ ರೆಕ್ಕೆಗೆ ಜರ್ಮನಿಯ ರಸ್ತೆಯಲ್ಲಿ ಅನುಮತಿಯೇ ಇರಲಿಲ್ಲ. ಡಿಕ್ಕಿಯೊಳಗೆ ಇಟ್ಟು ಕೊಡುತ್ತಿದ್ದರು. ರೇಸ್ ಟ್ರ್ಯಾಕಿಗೆ ಹೋಗಿ ಹಾಕಿಕೊಳ್ಳಿ ಅಂತ.

ಮಂಜುನಾಥ, ದಾವಣಗೆರೆ:
ರೇಸ್ ಕಾರಿನ ಬಗ್ಗೆ ನನ್ನ ತಗಾದೆ ಮೊದಲಿನಿಂದಲೂ ಇಲ್ಲ. ರಸ್ತೆಯ ಕಾರಿನ ಮಾತು ನನ್ನದು. ಪೋರ್ಷೆಯದೇ ತೆಗೆದುಕೊಳ್ಳಿ, 911 ಟರ್ಬೊ. ಅದರ ಹಿಂದೆ ಟೀ ಟ್ರೇ ಅನ್ನುವ ಅಗಲವಾದ ಹಲಗೆ. 3.3 ಲೀಟರ್ ಎಂಜಿನ್ ಬಂದಾಗ ಅದರ ಕೆಳಗೆ, ಎಂಜಿನ್‌ಗೆ ಹೋಗುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇಟ್ಟರು. ಹಾಗಾದರೆ ಅದು ಇಂಟರ್‌ಕೂಲರ್ ಮುಚ್ಚುವ ಪೆಟ್ಟಿಗೆ ತಾನೇ? ಅದಕ್ಕೂ ಸ್ಥಿರತೆಯ ಬಿರುದು ಯಾಕೆ?

ಶಶಿಧರ, ಸ್ಟುಟ್‌ಗಾರ್ಟ್:
ಮಂಜಣ್ಣ, ಇಸವಿ ನೋಡಿ. ಇಂಟರ್‌ಕೂಲರ್ ಬಂದದ್ದು 1978ರ ಮಾಡೆಲ್‌ಗೆ. ಮೊದಲ ಟರ್ಬೊ 1975ರದು, 3 ಲೀಟರ್ ಎಂಜಿನ್, ಇಂಟರ್‌ಕೂಲರ್ ಇಲ್ಲ. ಆದರೂ ತಿಮಿಂಗಿಲ ಬಾಲ ಅನ್ನುವ ಅಗಲವಾದ ಸ್ಪಾಯ್ಲರ್ ಅದರ ಮೇಲೆ ಇತ್ತು. ಜನರಿಗೆ ತಾಗಿದರೆ ಗಾಯವಾಗದಿರಲಿ ಅಂತ ಅಂಚಿಗೆ ರಬ್ಬರ್ ಬೇರೆ ಕೂರಿಸಿದ್ದರು. ಪೆಟ್ಟಿಗೆಯ ಕೆಲಸ ಆಮೇಲೆ ಸೇರಿದ್ದು, ಗಾಳಿಯ ಕೆಲಸ ಮೊದಲಿನಿಂದ ಇದ್ದದ್ದು.