ಅಪ್‌ಡೇಟ್: ಬೆಲ್ಟ್ ಹೊಲಿಗೆ ಕೊನೆಗೂ ಗಟ್ಟಿಯಾಗಿ ನಿಂತಿದೆ
ಹೋದ್ಸಲ ಕೇಳಿದ್ನಲ್ಲ, ನಾನೇ ಮಾಡಿದ ಲೆದರ್ ಬೆಲ್ಟು ಬಕಲ್ ಹತ್ರ ಎರಡೇ ತಿಂಗಳಿಗೆ ಯಾಕೆ ಬಿಟ್ಕೊಳ್ತು ಅಂತ. ತಪ್ಪು ನಂದೇ, ಬಟ್ಟೆ ಹೊಲಿಯೋ ಕಾಟನ್ ದಾರ ಹಾಕಿದ್ದೆ. ಈ ಸಲ ನೀವು ಹೇಳಿದಂಗೆ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ತಗೊಂಡು, ಎರಡೂ ತುದಿಗೆ ಸೂಜಿ ಪೋಣಿಸಿ, ಪ್ರತಿ ತೂತಲ್ಲೂ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ದಾಟಿಸಿ ಸ್ಯಾಡಲ್ ಸ್ಟಿಚ್ ಹಾಕ್ದೆ, ಒಂದು ಕಡೆ ದಾರ ಹರಿದ್ರೂ ಇನ್ನೊಂದು ಹಿಡ್ಕೊಂಡಿರತ್ತೆ. ದಾರ ಮಾತ್ರ ಹೊಲಿಗೆ ಉದ್ದದ 4 ಪಟ್ಟಾದ್ರೂ ಬೇಕು, ನಾನು ಜುಗ್ಗತನ ಮಾಡಿ 3 ಪಟ್ಟು ಕತ್ತರಿಸಿ ಕೊನೇ ನಾಕು ತೂತಿಗೆ ಸಿಕ್ಕಾಕೊಂಡೆ 😅 ಅಂಚು ಇನ್ನೂ ನುಣುಪಾಗಿಲ್ಲ, ಕ್ರೋಮ್ ಟ್ಯಾನ್ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಚರ್ಮ ಅದು, ನೀರು ಹಚ್ಚಿ ಕೈ ನೋಯೋವರೆಗೂ ಉಜ್ಜಿದೆ, ಊಹೂಂ. ಮುಂದಿನ್ಸಲ ವೆಜ್ ಟ್ಯಾನೇ (ಮರದ ತೊಗಟೆ ಥರದ ಗಿಡಮೂಲದಲ್ಲಿ ಹದ ಮಾಡಿದ್ದು), ಅದರ ಅಂಚು ಉಜ್ಜಿದ್ರೆ ನುಣುಪಾಗತ್ತೆ.