ಮೇ ತಿಂಗಳಲ್ಲಿ ದುರ್ಗ, ಹಂಪಿ, ಬಾದಾಮಿ, ವಿಜಯಪುರ, ಬೀದರ್: ಐದು ದಿನ, ಜೊತೆಗೆ 68 ವರ್ಷದ ಅತ್ತೆ. ಆಗುತ್ತಾ?

ವಿದ್ಯಾನಗರದ ಸೊಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ನಾನು, ಯಜಮಾನರು, ಐದನೇ ಕ್ಲಾಸು ಮುಗಿಸಿದ ಮಗ, ಮತ್ತೆ ನಮ್ಮ ಅತ್ತೆ. ಅತ್ತೆಗೆ ಬಿಪಿ ಇದೆ, ಮಂಡಿ ನೋವಿದೆ. ಆದರೂ "ನನ್ನ ಬಿಟ್ಟು ಹೋಗಿ ನೋಡೋಣ" ಅಂತ ಈಗಲೇ ಎಚ್ಚರಿಕೆ ಕೊಟ್ಟಿದ್ದಾರೆ.

ಯಜಮಾನರಿಗೆ ರಜೆ ಸಿಗೋದು ಮೇ ಎರಡನೇ ವಾರ ಮಾತ್ರ. ಅವರು ಹಾಳೆ ಮೇಲೆ ಬರೆದಿಟ್ಟಿರುವ ಪ್ಲಾನ್ ಹೀಗಿದೆ. ಮೊದಲ ದಿನ ಚಿತ್ರದುರ್ಗ ಕೋಟೆ ನೋಡಿ ಸಂಜೆಗೆ ಹಂಪಿ. ಎರಡನೇ ದಿನ ಹಂಪಿ ಮುಗಿಸಿ ರಾತ್ರಿಗೆ ಬಾದಾಮಿ. ಮೂರನೇ ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ, ರಾತ್ರಿ ವಿಜಯಪುರ. ನಾಲ್ಕನೇ ದಿನ ಗೋಳಗುಮ್ಮಟ, ಕಲಬುರಗಿ. ಐದನೇ ದಿನ ಬೀದರ್ ನೋಡಿಕೊಂಡು ವಾಪಸ್ ದಾವಣಗೆರೆ. ನಮ್ಮದೇ ಕಾರು. ಎಸಿ ಇದೆ, ಆದರೆ ಹಿಂದಿನ ಸೀಟಿಗೆ ಅಷ್ಟಾಗಿ ತಲುಪಲ್ಲ.

ಬಿಸಿಲಿನ ವಿಷಯ ನನಗೆ ಭಯ. ಈ ಪ್ಲಾನ್ ಆಗೋ ಮಾತಾ?

ಮಂಡಕ್ಕಿ ಮಿರ್ಚಿ

ಮೇನಲ್ಲಾ? ನವೆಂಬರ್‌ಗೆ ಹೋಗಿ ಅಕ್ಕಾ. ವಿಜಯಪುರದಲ್ಲಿ ಆಗ ನಲವತ್ತು ಡಿಗ್ರಿ ದಾಟಿರುತ್ತೆ.

ವಿದ್ಯಾನಗರದ ಸೊಸೆ

ನವೆಂಬರ್‌ನಲ್ಲಿ ಸ್ಕೂಲು ಇರುತ್ತಲ್ಲಪ್ಪಾ. ಹೋಗೋದು ಖಚಿತ. ಹೇಗೆ ಹೋಗೋದು ಅಂತ ಹೇಳಿ.

ದುರ್ಗದ ಮೇಷ್ಟ್ರು

ಮೇಡಂ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು ನಾನು. ವರ್ಷಕ್ಕೊಂದು ಪ್ರವಾಸ ನನ್ನ ತಲೆಗೇ ಕಟ್ಟುತ್ತಿದ್ದರು. ಹಾಗಾಗಿ ಸ್ವಲ್ಪ ಜಾಸ್ತಿ ಬರೆದರೆ ಬೇಜಾರಾಗಬೇಡಿ.

ಒಂದು ವರ್ಷ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಒಂಬತ್ತನೇ ಕ್ಲಾಸಿನ 42 ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದೆ. ಬಸ್ಸು ತಡವಾಗಿ ಬಂತು. ವಿರೂಪಾಕ್ಷ ದೇವಸ್ಥಾನ ತಲುಪಿದಾಗ ಹನ್ನೆರಡೂವರೆ. ಗೋಪುರದ ಹೊರಗೆ ಚಪ್ಪಲಿ ಬಿಟ್ಟೆವು. ಒಳಗೆ ಹೋಗುವಾಗ ಉತ್ಸಾಹ, ಯಾರಿಗೂ ಏನೂ ಅನಿಸಲಿಲ್ಲ. ದರ್ಶನ ಮುಗಿಸಿ ಅಂಗಳಕ್ಕೆ ಕಾಲಿಟ್ಟಾಗ ಶುರುವಾಯಿತು. ಚಪ್ಪಡಿ ಕಲ್ಲು ಕಾದ ಹಂಚು. ಒಬ್ಬಳು ಹುಡುಗಿ ದುಪಟ್ಟಾ ನೆಲಕ್ಕೆ ಹಾಸಿ ಅದರ ಮೇಲೆ ನಿಂತಳು. ಮೂರು ಜನ ಅದರ ಮೇಲೇ ಹತ್ತಿದರು. ಎರಡು ಹೆಜ್ಜೆ ಎಳೆಯೋದು, ನಿಲ್ಲೋದು, ಮತ್ತೆ ಎಳೆಯೋದು. ನಾನು ಮೇಷ್ಟ್ರು ಅನ್ನೋ ಗತ್ತಿನಲ್ಲಿ ಮೆಲ್ಲಗೆ ನಡೆದೆ. ರಾತ್ರಿ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ.

ಅವತ್ತಿನಿಂದ ನಾನು ಪ್ಲಾನ್ ಬರೆಯುವಾಗ ಊರಿನ ಹೆಸರು ಆಮೇಲೆ ಬರೆಯುತ್ತೇನೆ. ಮೊದಲು ಗಡಿಯಾರ. ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ದಿನಕ್ಕೆ ನಿಮಗೆ ಸಿಗುವುದು ಇಷ್ಟೇ. ಅದರಲ್ಲೂ ಬೆಳಗ್ಗೆಯೇ ಮೇಲು. ಹಂಪಿಯ ಬಂಡೆಗಳು ಇಡೀ ದಿನ ಬಿಸಿಲು ಕುಡಿದು, ಸೂರ್ಯ ಮುಳುಗಿದ ಮೇಲೆ ಕಕ್ಕುತ್ತವೆ. ರಾತ್ರಿ ಎಂಟು ಗಂಟೆಗೂ ಬಂಡೆಯ ಪಕ್ಕ ನಿಂತರೆ ಒಲೆಯ ಮುಂದೆ ನಿಂತ ಹಾಗೆ. ಬೆಳಗಿನ ಜಾವದ ಹೊತ್ತಿಗೆ ಮಾತ್ರ ತಣ್ಣಗಾಗಿರುತ್ತವೆ.

ಈಗ ನಿಮ್ಮ ಯಜಮಾನರ ಹಾಳೆಗೆ ಬರೋಣ. ಕೆಂಪು ಪೆನ್ನು ಹಿಡಿದು ಅಭ್ಯಾಸ, ಕ್ಷಮಿಸಿ.

ಬೀದರ್, ಕಲಬುರಗಿ ಹೊಡೆದು ಹಾಕಿ. ಬೀದರಿನಿಂದ ದಾವಣಗೆರೆಗೆ 500 ಕಿಲೋಮೀಟರ್ ಹತ್ತತ್ರ. ಕೋಟೆ ನೋಡಿ ಅದೇ ದಿನ ಮನೆ ಸೇರ್ತೀವಿ ಅಂತ ಬರೆದಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ.

ದುರ್ಗವನ್ನೂ ತೆಗೆಯಿರಿ. ನಮ್ಮೂರು ಅಂತ ಹೇಳೋಕೆ ಸಂಕಟ ಆಗುತ್ತೆ, ಆದರೆ ನಿಮಗೆ ಅದು 60 ಕಿಲೋಮೀಟರ್, ಹಿತ್ತಲಿದ್ದ ಹಾಗೆ. ಯಾವುದಾದರೂ ಭಾನುವಾರ ಐದಕ್ಕೆ ಮನೆ ಬಿಟ್ಟು, ಕೋಟೆ ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿರಿ. ಒಬವ್ವನ ಕಿಂಡಿ ಎಲ್ಲರೂ ನೋಡ್ತಾರೆ. ಮಗನಿಗೆ ನೀರಿನ ದಾರಿ ತೋರಿಸಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆ ಹನಿಯನ್ನೂ ಪಾಳೇಗಾರರು ಪೋಲು ಮಾಡಲಿಲ್ಲ. 1779ರಲ್ಲಿ ಹೈದರಾಲಿಗೆ ಸೋಲುವವರೆಗೆ ಇಷ್ಟು ಎತ್ತರದಲ್ಲಿ ಜನ ಬದುಕಿದ್ದು ಆ ನೀರಿನ ಮೇಲೆ. ನೀವು ಮಾತ್ರ ಬಾಟ್ಲಿ ತನ್ನಿ.

ಉಳಿದದ್ದು ಹಂಪಿ, ಬಾದಾಮಿ, ವಿಜಯಪುರ. ನನ್ನ ಕೇಳಿದರೆ ವಿಜಯಪುರವೂ ಈ ಸಲ ಬೇಡ.

ಮೊದಲ ದಿನ ಮನೆಯಲ್ಲೇ ಊಟ ಮಾಡಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಸಂಜೆಗೆ ಹೊಸಪೇಟೆ ಸೇರಿ. ಮಾರನೇ ಬೆಳಗ್ಗೆ ಕತ್ತಲಿರುವಾಗಲೇ ಹೇಮಕೂಟ. ಗುಡ್ಡ ಸಣ್ಣದು, ಅತ್ತೆ ಕೂಡ ನಿಧಾನಕ್ಕೆ ಹತ್ತುತ್ತಾರೆ, ಟಿಕೆಟ್ ಇಲ್ಲ. ಪಕ್ಕದಲ್ಲೇ ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ. ಇಳಿದರೆ ವಿರೂಪಾಕ್ಷ. ಹತ್ತಕ್ಕೆ ರೂಮಿಗೆ ವಾಪಸ್, ಊಟ, ನಿದ್ದೆ. ಸಂಜೆ ಸುಮ್ನೆ ತುಂಗಭದ್ರೆ ದಡದಲ್ಲಿ ಕೂರಿ.

ಮೂರನೇ ದಿನ ಬಾಗಿಲು ತೆಗೆದ ಕೂಡಲೇ ವಿಠ್ಠಲ ದೇವಸ್ಥಾನ. ಅಲ್ಲಿ ಬ್ಯಾಟರಿ ಗಾಡಿ ಇದೆ, ಅತ್ತೆ ಅದರಲ್ಲೇ ಹೋಗಲಿ. ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ. ಆಮೇಲೆ ಕಮಲಾಪುರದ ಮ್ಯೂಸಿಯಂ. ನೆರಳಲ್ಲಿ ಹೊತ್ತು ಕಳೆಯೋಕೆ ಒಳ್ಳೇ ಜಾಗ, ಶುಕ್ರವಾರ ಮಾತ್ರ ರಜೆ. ಬಿಸಿಲಿನ ಹೊತ್ತನ್ನು ಕಾರಿನಲ್ಲಿ ಕಳೆದು ಬಾದಾಮಿ ಸೇರಿ. ಅತ್ತೆಯನ್ನು ಮುಂದಿನ ಸೀಟಿಗೆ ಕೂರಿಸಿ, ಎಸಿ ಅಲ್ಲಿಗೆ ತಲುಪುತ್ತಲ್ಲ.

ನಾಲ್ಕನೇ ದಿನ ಬಾದಾಮಿ. ಗುಹೆಗಳ ಒಳಗೆ ತಂಪು. ಕಷ್ಟ ಇರೋದು ಮೆಟ್ಟಿಲಿನದು. ಅತ್ತೆ ಒಂದನೇ ಗುಹೆಯ 18 ತೋಳಿನ ನಟರಾಜನನ್ನು ನೋಡಿ ಅಲ್ಲೇ ಕೂರಲಿ. ನೀವು ಮೂರನೆಯದಕ್ಕೆ ಹೋಗಿ, 578ರಲ್ಲಿ ಮಂಗಳೇಶ ಬರೆಸಿದ ಶಾಸನ ಇದೆ. ಕೈಯಲ್ಲಿ ತಿಂಡಿ ಕವರ್ ಹಿಡಿದುಕೊಂಡರೆ ಕೋತಿಗಳಿಗೆ ಹಬ್ಬ. ಮಧ್ಯಾಹ್ನ ಮಹಾಕೂಟಕ್ಕೆ ಹೋಗಿ. ದೊಡ್ಡ ಮರಗಳಿವೆ, ಪುಷ್ಕರಣಿಯಲ್ಲಿ ಬುಗ್ಗೆ ನೀರು. ಮಗ ಮೇಲೆ ಬರಲ್ಲ, ಎಳೆದು ತರಬೇಕಾಗುತ್ತೆ. ಪಟ್ಟದಕಲ್ಲು ಬಯಲು ಹುಲ್ಲುಹಾಸು, ನೆರಳು ಕಡಿಮೆ, ಅದು ಸಂಜೆಗೆ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲದ ಒಳಗೆ ಮಾತ್ರ ಕತ್ತಲು, ತಂಪು.

ಕೊನೇ ದಿನ ಬೆಳಗ್ಗೆ ಐಹೊಳೆ, ಅಮೀನಗಡದಲ್ಲಿ ಕರದಂಟು, ಇಳಕಲ್ಲಿನಲ್ಲಿ ಸೀರೆ ಅಂಗಡಿ. ಅಲ್ಲಿಂದ ಹೆದ್ದಾರಿ ಹಿಡಿದು ಕುಷ್ಟಗಿ, ಹೊಸಪೇಟೆ ಮೇಲೆ ಮನೆ.

ಹಳೇ ಕಾಟನ್ ಸಾಕ್ಸ್ ಒಬ್ಬೊಬ್ಬರಿಗೆ ಎರಡು ಜೊತೆ ಮರೀಬೇಡಿ. ದೇವಸ್ಥಾನದಲ್ಲಿ ಒಂದು ಮಾತು ಕೇಳಿ ಹಾಕಿಕೊಳ್ಳಿ.

ಸಿಸ್ಟರ್ (ದಾವಣಗೆರೆ)

ಮೇಷ್ಟ್ರು ಕಾಲಿನದು ಹೇಳಿದರು, ನಾನು ಉಳಿದದ್ದು ಹೇಳ್ತೀನಿ. ಅಕ್ಕಾ, ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಹೋಗಿಸುತ್ತವೆ. ಬಿಸಿಲಲ್ಲಿ ಅಂಥ ಮಾತ್ರೆ ತಗೊಳ್ಳುವವರು ಬೇಗ ಸುಸ್ತಾಗ್ತಾರೆ. ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ ಕೇಳಿ, ಒಆರ್‌ಎಸ್ ಎಷ್ಟು ಕುಡಿಯಬಹುದು ಅಂತಲೂ ಕೇಳಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ ಹಾಕಬೇಕು. ಅರ್ಧ ಲೋಟಕ್ಕೆ ಸುರಿದು ಕುಡಿಸೋರನ್ನ ದಿನಾ ನೋಡ್ತೀನಿ.

ವಯಸ್ಸಾದವರು ಬಾಯಾರಿಕೆ ಅಂತ ಹೇಳೋದೇ ಇಲ್ಲ. ಎಲ್ಲಿ ಬಾತ್‌ರೂಮ್ ಹುಡುಕೋದು ಅಂತ ನೀರೇ ಕುಡಿಯಲ್ಲ, ಅದು ಇನ್ನೊಂದು. ಗಂಟೆಗೊಮ್ಮೆ ನೀವೇ ಕುಡಿಸಿ. ಮಾತು ತೊದಲಿದರೆ, ತಬ್ಬಿಬ್ಬಾದರೆ, ಮೈ ಸುಡ್ತಿದ್ದರೆ ನೆರಳಿಗೆ ತಂದು ಮೈಗೆ ನೀರು ಹಾಕ್ತಾ 108ಕ್ಕೆ ಫೋನ್ ಮಾಡಿ.

ಮೊಸರನ್ನ ಕಟ್ಟಬೇಡಿ, ಹನ್ನೊಂದಕ್ಕೇ ಹುಳಿ ಬಂದಿರುತ್ತೆ. ಖಾರ ಮಂಡಕ್ಕಿ ಸಾಕು.

ಮಂಡಕ್ಕಿ ಮಿರ್ಚಿ

ಮೇಷ್ಟ್ರೇ, ಗೋಳಗುಮ್ಮಟ ಬಿಡಿಸಿದ್ದು ಅನ್ಯಾಯ. ಹುಡುಗನಿಗೆ ಹಾಳು ಕಲ್ಲಿಗಿಂತ ಆ ಪ್ರತಿಧ್ವನಿ ಇಷ್ಟ ಆಗುತ್ತೆ.

ದುರ್ಗದ ಮೇಷ್ಟ್ರು

ಹಾಳು ಕಲ್ಲು ಅಂದಿದ್ದಕ್ಕೆ ಬೆಂಚಿನ ಮೇಲೆ ನಿಲ್ಲು. ಗೋಳಗುಮ್ಮಟ ಬೇಡ ಅನ್ನಲಿಲ್ಲ, ಮೇನಲ್ಲಿ ಬೇಡ ಅಂದೆ. ಪಿಸುಗುಟ್ಟುವ ಗ್ಯಾಲರಿಗೆ ಏಳು ಅಂತಸ್ತು ಹತ್ತಬೇಕು, ಅದೂ ಇಕ್ಕಟ್ಟು ಮೆಟ್ಟಿಲು. ಗೋಳಗುಮ್ಮಟ ಎಕ್ಸ್‌ಪ್ರೆಸ್ ದಾವಣಗೆರೆ ಮೇಲೆಯೇ ಹೋಗುತ್ತೆ. ಚಳಿಗಾಲದಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ವಿಜಯಪುರ.

ವಿದ್ಯಾನಗರದ ಸೊಸೆ

ಮೇಷ್ಟ್ರೇ, ನಿಮ್ಮ ಉತ್ತರ ಯಜಮಾನರಿಗೆ ಓದಿ ಹೇಳಿದೆ. ಬೀದರ್ ಹತ್ತಿರ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದರು. ಈಗ ಒಪ್ಪಿದ್ದಾರೆ. ಮಗನಿಗೆ ಡಿಸೆಂಬರ್‌ನಲ್ಲಿ ರೈಲು ಅಂತ ಮಾತು ಕೊಟ್ಟಾಗಿದೆ. ಅತ್ತೆ ಇಳಕಲ್ ಅಂದ ಕೂಡಲೇ ಸೀರೆ ಬಣ್ಣ ಯೋಚಿಸ್ತಾ ಕೂತಿದ್ದಾರೆ. ಸಿಸ್ಟರ್, ಡಾಕ್ಟರ್ ಹತ್ತಿರ ಸೋಮವಾರ ಹೋಗ್ತೀವಿ.

ಒಂದೇ ಪ್ರಶ್ನೆ ಉಳಿದಿದೆ. ಕತ್ತಲಲ್ಲಿ ಹೇಮಕೂಟಕ್ಕೆ ಹೊರಟರೆ ಹೊಸಪೇಟೆಯಲ್ಲಿ ಅಷ್ಟೊತ್ತಿಗೆ ಟೀ ಸಿಗುತ್ತಾ? ಅತ್ತೆ ಟೀ ಇಲ್ಲದೆ ಏಳಲ್ಲ.

ದುರ್ಗದ ಮೇಷ್ಟ್ರು

ಬಸ್‌ಸ್ಟ್ಯಾಂಡ್ ಹತ್ತಿರ ನೋಡಿ. ಅಷ್ಟೊತ್ತಿಗೆ ಯಾರೂ ಎದ್ದಿಲ್ಲ ಅಂದರೆ ಅನ್ನೋ ಭಯಕ್ಕೆ ನಾನು ಫ್ಲಾಸ್ಕ್ ತುಂಬಿಸಿ ಇಟ್ಟುಕೊಂಡೇ ಮಲಗುತ್ತಿದ್ದೆ. ಇನ್ನೊಂದು ಮಾತು: ಮೇನಲ್ಲಿ ಸಂಜೆ ಗಾಳಿ ಮಳೆ, ಗುಡುಗು ಬರೋದುಂಟು. ಮೋಡ ಕಂಡರೆ ಗುಡ್ಡ ಇಳಿದುಬಿಡಿ.